ತಮ್ಮನಿಗೆ ಮೊದಲು ಅನ್ನ, ಸಾರು ಕಲಿಸಿ

ಬರ್ಲಿನ್

ಪ್ರೀತಿಯ ಅವ್ವ, ಅಪ್ಪ,

ನಾನು ಚೆನ್ನಾಗಿದ್ದೇನೆ. ಅಲ್ಲಿ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಜೋರಾಗಿರಬೇಕು. ಫೋನ್ ಮಾಡಿದರೆ ಅರ್ಧ ಮಾತು ಕೇಳಿಸುವುದೇ ಇಲ್ಲ. ಅದಕ್ಕೇ ಉದ್ದಕ್ಕೆ ಬರೆದು ಕಳಿಸುತ್ತಿದ್ದೇನೆ. ನೆಟ್‌ವರ್ಕ್ ಬಂದಾಗ ತಮ್ಮನೇ ಗಟ್ಟಿಯಾಗಿ ಓದಿ ಹೇಳಲಿ. ವಿಷಯ ಅವನದ್ದೇ.

ಮೈಸೂರಿಗೆ ಓದಲು ಹೋಗಿ ಸ್ನೇಹಿತರ ಜೊತೆ ರೂಮ್ ಮಾಡುತ್ತಾನಂತೆ. ಹಾಸಿಗೆ, ಬಕೆಟ್, ಹೊಸ ಬ್ಯಾಗ್ ಎಲ್ಲ ತಂದಾಯಿತು ಅಂದಿರಿ. ಅಡುಗೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. "ನನಗೆ ಹಂದಿಮಾಂಸದ ಪಂದಿಕರಿ ಬರುತ್ತೆ" ಎಂದು ಅವನು ಹಾರಾಡುತ್ತಾನೆ, ಗೊತ್ತು. ಅಪ್ಪನೂ ಕೈಲ್‌ಪೊಳ್ದ್ ಹಬ್ಬ ಬಂದರೆ ಒಲೆ ಮುಂದೆ ನಿಂತು ಎಲ್ಲರಿಗೂ ಆರ್ಡರ್ ಮಾಡುವವರೇ. ಆದರೆ ಒಂದು ಸಾದಾ ಮಂಗಳವಾರ, ಮನೆಯಲ್ಲಿ ಎರಡು ಈರುಳ್ಳಿ, ಮೂರು ಆಲೂಗೆಡ್ಡೆ, ಒಂದು ಹಿಡಿ ಬೇಳೆ ಮಾತ್ರ ಇದ್ದರೆ? ಅವತ್ತಿನ ಊಟ ಮಾಡಲು ಬರಬೇಕು. (ಅಪ್ಪ, ಸಿಟ್ಟು ಬೇಡ. ಪಂದಿಕರಿಯಲ್ಲಿ ನಿಮ್ಮನ್ನು ಮೀರಿಸುವವರಿಲ್ಲ.)

ಇಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಬಂದ್. ಶನಿವಾರ ತಂದಿಟ್ಟದ್ದರಲ್ಲೇ ಅಡುಗೆ ಆಗಬೇಕು. ಹಾಗಾಗಿ ರೆಸಿಪಿ ಹುಡುಕಿ ಸಾಮಾನು ತರುವುದನ್ನು ಬಿಟ್ಟು, ಇರುವ ಸಾಮಾನಿನ ಗುಣ ತಿಳಿದುಕೊಳ್ಳಲು ಶುರುಮಾಡಿದೆ. ಅವನಿಗೂ ಅದನ್ನೇ ಕಲಿಸಿ.

ಮೊದಲು ಅನ್ನ, ಕುಕ್ಕರ್ ಇಲ್ಲದೆ. ಒಂದು ಲೋಟ ಅಕ್ಕಿಗೆ ಸುಮಾರು ಎರಡು ಲೋಟ ನೀರು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚಬೇಕು. ನೀರು ಇಂಗಿದ ಮೇಲೆ ಆರಿಸಿ, ಹತ್ತು ನಿಮಿಷ ಮುಚ್ಚಳ ತೆಗೆಯದೆ ಸುಮ್ನೆ ಬಿಡಬೇಕು. ಆ ಹತ್ತು ನಿಮಿಷ ಕಾಯುವ ತಾಳ್ಮೆ ಅವನಿಗಿಲ್ಲ, ಆದರೂ ಹೇಳಿ. ಇನ್ನೊಂದು ಮಾತು, ಇದು ತಮಾಷೆಯಲ್ಲ. ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗೆ ಇಡಬಾರದು. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೇಗ ಆರಿಸಿ ಫ್ರಿಜ್‌ಗೆ ಇಟ್ಟರೆ ಮರುದಿನ ಅದನ್ನೇ ಬಿಸಿ ಮಾಡಿ ನಾದಿ, ಅಕ್ಕಿ ಹಿಟ್ಟು ಸೇರಿಸಿ ಅಕ್ಕಿ ಒಟ್ಟಿ, ಅಂದರೆ ರೊಟ್ಟಿ, ತಟ್ಟಬಹುದು. ನಾನು ಇಲ್ಲಿ ವಿಯೆಟ್ನಾಂ ಅಂಗಡಿಯ ಅಕ್ಕಿ ಹಿಟ್ಟಿನಲ್ಲಿ ಮಾಡುತ್ತೇನೆ. ಅವ್ವ, ನಿಮ್ಮಷ್ಟು ತೆಳ್ಳಗೆ ಬರುವುದಿಲ್ಲ, ಆದರೆ ಉಬ್ಬುತ್ತದೆ!

ಈರುಳ್ಳಿ ಐದು ನಿಮಿಷದಲ್ಲಿ ಕೆಂಪಾಗುತ್ತದೆ ಎಂದು ಬರೆಯುವವರೆಲ್ಲ ಸುಳ್ಳು ಹೇಳುತ್ತಾರೆ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷವಾದರೂ ಬೇಕು. ಮೊದಲೇ ಚಿಟಿಕೆ ಉಪ್ಪು ಹಾಕಿದರೆ ನೀರು ಬಿಟ್ಟು ಬೇಗ ಮೆತ್ತಗಾಗುತ್ತದೆ. ಕೋಳಿಯೋ ಹಂದಿಯೋ ಹುರಿಯುವಾಗ ಉಲ್ಟಾ. ನೀರು ಒರೆಸಿ, ಬಾಣಲೆ ತುಂಬದಂತೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಟ್ಟಿಗೆ ಸುರಿದರೆ ಅದರ ನೀರಿನಲ್ಲೇ ಬೇಯುತ್ತದೆ, ಬಣ್ಣ ಬರುವುದಿಲ್ಲ. ಆಲೂಗೆಡ್ಡೆಯನ್ನು ತಣ್ಣೀರಿಗೇ ಹಾಕಿ ಬೇಯಿಸಲಿ, ಒಳಗೂ ಹೊರಗೂ ಒಂದೇ ಹದ ಬರುತ್ತದೆ.

ಬೇಳೆಯ ಕಥೆ ಕೇಳಿ. ಬರ್ಲಿನ್ ನೀರು ಗಡಸು, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದರಲ್ಲಿ ಕಾಳು, ಬೇಳೆ ಬೇಯಲು ಜಾಸ್ತಿ ಹೊತ್ತು ಬೇಕು. ಚಿಟಿಕೆ ಸೋಡಾ ಹಾಕಿದರೆ ದಾರಿಗೆ ಬರುತ್ತದೆ. ಹುಳಿ ಬಿದ್ದರಂತೂ ಇನ್ನೂ ತಡ. ಹುಣಸೆ, ಟೊಮೆಟೊ ಯಾವುದೇ ಆಗಲಿ, ಬೇಳೆ ಪೂರ್ತಿ ಬೆಂದ ಮೇಲೇ ಹಾಕಬೇಕು. "ಪುಳಿ ಕೊನೆಗೆ" ಎಂದು ನೀವು ನಮ್ಮ ಹುಳಿರಸ ಕಾಚಂಪುಳಿಯ ಬಾಟಲಿಯನ್ನು ನಮ್ಮ ಕೈಗೆ ಸಿಗದ ಹಾಗೆ ಮೇಲಿನ ಶೆಲ್ಫ್‌ನಲ್ಲಿ ಇಡುತ್ತಿದ್ದಿರಿ. ನಮಗೆ ಅದು ಬರೀ ಶಾಸ್ತ್ರ ಅನಿಸುತ್ತಿತ್ತು. ಕುಕ್ಕರ್ ಇಲ್ಲದ ದಿನಕ್ಕೆ ಕೆಂಪು ಮಸೂರ್ ಬೇಳೆ ಸಾಕು, ಇಪ್ಪತ್ತು ನಿಮಿಷದಲ್ಲಿ ಕರಗುತ್ತದೆ. ರಾಜ್ಮಾ ತಂದರೆ ಮಾತ್ರ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ನಮ್ಮ ಬೈಂಬಳೆಯನ್ನು, ಅಂದರೆ ಕಳಲೆಯನ್ನು, ನೀವು ಹೆಚ್ಚಿ, ನೆನೆಸಿ, ನೀರು ಬದಲಿಸಿ ಬೇಯಿಸುವುದೂ ಅದರ ವಿಷ ತೆಗೆಯಲಿಕ್ಕೇ ಅಲ್ವಾ?

ಈಗ ಕಷ್ಟದ ಕೆಲಸ. ಅದು ನಿಮ್ಮದು, ಅವ್ವ. ಅವನು ಈರುಳ್ಳಿಯನ್ನು ಅಡ್ಡಾದಿಡ್ಡಿ ಹೆಚ್ಚುತ್ತಾನೆ, ಒಗ್ಗರಣೆಯ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕುತ್ತಾನೆ. ನಿಮಗೆ ತಡೆಯುವುದಿಲ್ಲ. "ಬಿಡು, ನಾನು ಮಾಡುತ್ತೇನೆ" ಎಂದು ಸೌಟು ಕಿತ್ತುಕೊಳ್ಳುತ್ತೀರಿ. ದಯವಿಟ್ಟು ಬೇಡ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ಕುಳಿತಿರಿ, ಕೇಳಿದರೆ ಮಾತ್ರ ಹೇಳಿ. ಉಪ್ಪು ಎಷ್ಟು ಎಂದರೆ "ರುಚಿಗೆ ತಕ್ಕಷ್ಟು" ಅನ್ನಬೇಡಿ, ಅವನ ರುಚಿ ನಮಗೆ ಗೊತ್ತಿದೆ. ಸ್ವಲ್ಪ ಹಾಕಿ, ನೆಕ್ಕಿ ನೋಡಿ, ಮತ್ತೆ ಹಾಕಲಿ. ವಾರಕ್ಕೆ ಎರಡು ರಾತ್ರಿ ಇಡೀ ಮನೆಯ ಊಟ ಅವನದ್ದೇ ಇರಲಿ. ಅಪ್ಪ ಮುಖ ಸಿಂಡರಿಸದೆ ಉಣ್ಣಬೇಕು. ಪಾತ್ರೆ ತೊಳೆಯುವುದೂ ಅವನೇ.

ಇಲ್ಲಿಗೆ ಬರುವವರು ಯಾರಾದರೂ ಸಿಕ್ಕರೆ ಒಂದು ಸಣ್ಣ ಬಾಟಲಿ ಕಾಚಂಪುಳಿ ಮತ್ತು ನಮ್ಮ ತೋಟದ ಮೆಣಸು ಕಳಿಸಿ. ಬಾಟಲಿಯ ಬಾಯಿಗೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ. ಮಸಾಲೆ ಪುಡಿ ಬೇಡ, ನಾನೇ ಹುರಿದುಕೊಳ್ಳುತ್ತೇನೆ.

ತಮ್ಮಾ, ಇಲ್ಲಿಯವರೆಗೆ ಬಿಡದೆ ಓದಿದ್ದರೆ ಇವತ್ತು ರಾತ್ರಿಯ ಸಾರು ನಿನ್ನದು. ಫೋಟೋ ಕಳಿಸು.

ನಿಮ್ಮ
ದೊಡ್ಡ ಮಗ