ತಾಯಿಯನ್ನೂ ಯಾರಾದರೂ ಕೇಳಲಿ

ಮಾನ್ಯರೇ,

ಮಕ್ಕಳಿಗೆ ಹೊಡೆಯಬೇಡಿ, ಗದರಬೇಡಿ, ಸಮಾಧಾನದಿಂದ ತಿಳಿಹೇಳಿ ಎಂದು ತಾಯಂದಿರ ಸಭೆಯಲ್ಲಿ ನಾನೇ ಹೇಳುತ್ತೇನೆ. ಮಾತು ಸರಿಯೇ, ಹೆದರಿಸಿ ಬೆಳೆಸಿದ ಮಗು ಅಂಗನವಾಡಿಯಲ್ಲಿ ಬಾಯಿ ಬಿಡಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಆದರೆ ಆ ಸಮಾಧಾನ ತಾಯಿಗೆ ಎಲ್ಲಿಂದ ಬರಬೇಕು?

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮೂರ ಹೆಣ್ಣುಮಕ್ಕಳು ಸರಿರಾತ್ರಿವರೆಗೂ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಮತ್ತೆ ನಸುಕಿಗೇ ಎದ್ದು ಒಲೆ ಹಚ್ಚಬೇಕು. ಮೊನ್ನೆ ಒಬ್ಬಾಕೆ, ಚಪ್ಪಲಿ ಬಿಡಲ್ಲ ಎಂದು ಹಟ ಹಿಡಿದ ಮಗನ ಬೆನ್ನಿಗೆ ಗುದ್ದಿ, ತಾನೂ ಬಾಗಿಲಲ್ಲೇ ಕುಸಿದು ಅತ್ತಳು. ‘ಎಲ್ಲಾ ಗೊತ್ತು ಟೀಚರ್, ಆಗ್ತಾ ಇಲ್ಲ’ ಎಂದಳು. ಆಕೆಯ ಗಂಡ ಇಲ್ಲಿಯವರೆಗೆ ಒಂದು ಸಭೆಗೂ ಬಂದಿಲ್ಲ. ನಾವೂ ಕರೆದಿಲ್ಲ, ಸಭೆಯ ಹೆಸರೇ ತಾಯಂದಿರದ್ದು!

2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆ ಅದನ್ನು ಬಲ್ಲವರು ತೀರಾ ಕಡಿಮೆ. ತಾಯಿ ಕಾರ್ಡಿನ ಮೇಲೆ ಆ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಿ. ನರೇಗಾ ಕೂಲಿಕಾರರ ಮಕ್ಕಳಿಗೆಂದು ತೆರೆದ ‘ಕೂಸಿನ ಮನೆ’ಗಳನ್ನು ಸುಗ್ಗಿಯಲ್ಲಿ ಅಡಿಕೆ ಕೆಲಸಕ್ಕೆ ಹೋಗುವವರ ಮಕ್ಕಳಿಗೂ, ಸಂಜೆ ಹೊತ್ತಿಗೂ ತೆರೆದಿಡಲಿ. ತಿಂಗಳಿಗೊಮ್ಮೆ ಅಪ್ಪಂದಿರನ್ನೂ ಕೂರಿಸಿ ಮಾತಾಡಲು ಇಲಾಖೆ ನಮಗೆ ಆದೇಶ ಕೊಡಲಿ. ಕರೆಯುವ ಜವಾಬ್ದಾರಿ ನಮ್ಮದು.

– ಅಂಗನವಾಡಿ ಕಾರ್ಯಕರ್ತೆ, ತೀರ್ಥಹಳ್ಳಿ ತಾಲ್ಲೂಕು