ಗುಡ್ಡದ ಕಡೆ ಹೊಲ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ನಮ್ಮ ಹೊಲದ ಬದುವಿನಲ್ಲಿದ್ದ ಗೆದ್ದಲು ಹುತ್ತ ಒಡೆದುಬಿದ್ದಿದೆ. ಒಳಗೆಲ್ಲ ಉದ್ದುದ್ದ ಉಗುರಿನ ಗೆರೆ. ಕರಡಿಯದೇ ಕೆಲಸ, ಕಪ್ಪತಗುಡ್ಡದಿಂದ ಇಳಿದಿರಬೇಕು. ದಯವಿಟ್ಟು ನಸುಕಿನಲ್ಲಿ ಒಬ್ಬೊಬ್ಬರೇ ಹೋಗಬೇಡಿ. ನೀರು ಹಾಯಿಸಲು ಹೋಗಲೇಬೇಕಾದರೆ ಬ್ಯಾಟರಿ ಹಿಡಿದು, ಜೋರಾಗಿ ಮಾತಾಡುತ್ತಾ ಹೋಗಿ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ನಾವು ತೀರಾ ಹತ್ತಿರ ಹೋದಾಗ ಗಾಬರಿಬಿದ್ದು ಮೈಮೇಲೆ ಬರುತ್ತದೆ. ಬೆನ್ನ ಮೇಲೆ ಮರಿ ಇದ್ದರಂತೂ ಇನ್ನೂ ಜಾಸ್ತಿ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ತಲೆ, ಕುತ್ತಿಗೆ ಕೈಯಿಂದ ಮುಚ್ಚಿಕೊಳ್ಳಿ. ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹುಡುಗರೇ, ಕಲ್ಲು ಹೊಡೆಯೋದು, ಹಿಂದೆ ಓಡಿ ವಿಡಿಯೋ ಮಾಡೋದು ಬೇಡವೇ ಬೇಡ. ಕುರಿ ಕಾಯುವವರ ಹತ್ತಿರ ಫೋನ್ ಇರುವುದಿಲ್ಲ ಅಲ್ವಾ, ಅವರಿಗೆ ಖುದ್ದಾಗಿ ಹೇಳಿ.