ಎಷ್ಟು ಕೊಡುತ್ತೀರಿ ಎಂಬುದಲ್ಲ, ಯಾವತ್ತು ಕೊಡುತ್ತೀರಿ: ಸಮಾಜ ಕಲ್ಯಾಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬಡ ಕುಟುಂಬಗಳ ಖಾತೆಗೆ ನೇರವಾಗಿ ಹಣ ಹಾಕುವ ಯೋಜನೆಗಳ ಮಾತು ಬಂದಾಗಲೆಲ್ಲ ಸದನದಲ್ಲಿ ಮೊತ್ತದ ಬಗ್ಗೆ ಗದ್ದಲವಾಗುತ್ತದೆ, ಫಲಾನುಭವಿಗಳ ಪಟ್ಟಿಯ ಬಗ್ಗೆ ಗದ್ದಲವಾಗುತ್ತದೆ. ಹಣ ಯಾವ ತಾರೀಖಿಗೆ ಕೈಸೇರುತ್ತದೆ ಎಂದು ಕೇಳುವವರು ತೀರಾ ಕಡಿಮೆ. ನಾನು ಬರೆಯುತ್ತಿರುವುದು ಆ ತಾರೀಖಿನ ಬಗ್ಗೆ.

ಹೀಗೆ ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಕುಡಿದು ಹಾಳುಮಾಡುತ್ತಾರೆ ಎಂಬ ಆರೋಪಕ್ಕೆ ಉತ್ತರ ಸಿಕ್ಕಿ ವರ್ಷಗಳೇ ಆದವು. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳಲ್ಲಿ ಬಡವರಿಗೆ ಹಣ ಕೊಡುವ ಏಳು ಸರ್ಕಾರಿ ಯೋಜನೆಗಳ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಹಣ ಬಂತೆಂದು ಜನ ದುಡಿಮೆ ಬಿಟ್ಟರು ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಮದ್ಯ, ತಂಬಾಕಿನ ಖರ್ಚಿನ ಬಗ್ಗೆ ನಡೆದ 19 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಅದು ಹೆಚ್ಚಿದ್ದು ಕಾಣಲಿಲ್ಲ. ಇಷ್ಟಾದ ಮೇಲೂ ಬಡವರ ನಡತೆಯನ್ನೇ ಅನುಮಾನಿಸುವುದು ಅನ್ಯಾಯ.

ನೀವು ನೋಡಬೇಕಾದದ್ದು ಘಾನಾ ಮತ್ತು ಜಾಂಬಿಯಾವನ್ನು. ಬಡ ಕುಟುಂಬಗಳಿಗೆ ಹಣ ಕೊಡುವ ಘಾನಾದ ‘ಲೀಪ್’ ಯೋಜನೆ 2008ರಲ್ಲಿ ಶುರುವಾಯಿತು. 2010ರಿಂದ 2012ರವರೆಗಿನ ಮೌಲ್ಯಮಾಪನದ ಅವಧಿಯಲ್ಲಿ ಕಂತುಗಳು ಸಮಯಕ್ಕೆ ಸರಿಯಾಗಿ ಬರಲೇ ಇಲ್ಲ. ತಿಂಗಳುಗಟ್ಟಲೆ ನಿಂತು, ಆಮೇಲೆ ಬಾಕಿಯೆಲ್ಲ ಒಟ್ಟಿಗೆ ಬಂತು. ಕುಟುಂಬಗಳ ಸಾಲ ಸ್ವಲ್ಪ ಇಳಿಯಿತು, ಉಳಿತಾಯವೂ ಆಯಿತು. ಆದರೆ ದಿನನಿತ್ಯದ ಬಳಕೆ ಹೆಚ್ಚಲಿಲ್ಲ. ಜಾಂಬಿಯಾದಲ್ಲಿ 2010ರಲ್ಲಿ ಆರಂಭವಾದ ಮಕ್ಕಳ ಅನುದಾನ ಎರಡು ತಿಂಗಳಿಗೊಮ್ಮೆ ಬಹುಮಟ್ಟಿಗೆ ತಪ್ಪದೆ ತಲುಪಿತು. ಅಲ್ಲಿನ ಮನೆಗಳು ಹೊಟ್ಟೆ ತುಂಬ ಉಂಡವು, ಕೋಳಿ, ಮೇಕೆ ಕೊಂಡವು, ಹೆಚ್ಚು ನೆಲ ಉತ್ತವು. ಇನ್ನೊಬ್ಬರ ಹೊಲದ ಕೂಲಿ ಕಡಿಮೆಮಾಡಿ ಸ್ವಂತ ಹೊಲದಲ್ಲಿ ಹೆಚ್ಚು ದುಡಿದವು. ಮೊತ್ತದಲ್ಲೂ ವ್ಯತ್ಯಾಸವಿತ್ತು, ಒಪ್ಪುತ್ತೇನೆ. ಆದರೆ ನಂಬಿ ಕಾಯಬಹುದಾದ ಹಣಕ್ಕೂ ಬಂದರೆ ಬಂತು ಎನ್ನುವ ಹಣಕ್ಕೂ ಇರುವ ಅಂತರ ಇದರಲ್ಲಿ ಕಾಣುತ್ತದೆ.

ಕಂತು ತಡವಾದಾಗ ಇಲಾಖೆ ಹೇಳುವ ಮಾತು ಒಂದೇ: “ಮೂರು ತಿಂಗಳದ್ದು ಒಟ್ಟಿಗೆ ಹಾಕಿದ್ದೇವಲ್ಲ, ಒಂದು ಕಾಸೂ ಕಡಿಮೆಯಾಗಿಲ್ಲ.” ಕಡತದಲ್ಲಿ ಅದು ನಿಜ. ಮನೆಯಲ್ಲಿ ಏನಾಗುತ್ತದೆ ನೋಡಿ. ಮೊದಲ ತಿಂಗಳು ತಾಯಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾಳೆ. ಎರಡನೇ ತಿಂಗಳು ಅಂಗಡಿಯವನು ಹಳೆ ಬಾಕಿ ಕೇಳುತ್ತಾನೆ. ಬಡ್ಡಿಗೆ ಕೈಸಾಲ ಎತ್ತಬೇಕಾಗುತ್ತದೆ. ಮೂರನೇ ತಿಂಗಳಿಗೆ ಮಗು ಜ್ವರ ಬಂದು ಮಲಗಿದರೆ, ಇನ್ನೇನು ಮರಿ ಹಾಕಬೇಕಿದ್ದ ಮೇಕೆಯನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾಳೆ. ಆಮೇಲೆ ಮೂರು ಕಂತು ಒಟ್ಟಿಗೆ ಬರುತ್ತವೆ. ಬಂದ ದಿನವೇ ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುತ್ತಾನೆ. ಕೊಟ್ಟ ಬಡ್ಡಿಯಾಗಲಿ, ಹೋದ ಮೇಕೆಯಾಗಲಿ, ಅದರ ಮರಿಯಾಗಲಿ ನಿಮ್ಮ ಲೆಕ್ಕಪತ್ರದಲ್ಲಿ ಎಲ್ಲೂ ಇಲ್ಲ. ಆ ಹೆಣ್ಣುಮಗಳ ಪಾಲಿಗೆ ವರ್ಷದ ಆಸ್ತಿಯೇ ಅದಾಗಿತ್ತು.

ಕಂತು ತಪ್ಪದಿದ್ದರೆ ಅದೇ ಹೆಣ್ಣುಮಗಳು ಮುಂದಿನ ಹಂಗಾಮಿನ ಯೋಚನೆ ಮಾಡುತ್ತಾಳೆ. ಮೆಕ್ಸಿಕೊದಲ್ಲಿ 1997ರಲ್ಲಿ ಆರಂಭವಾದ ‘ಪ್ರೊಗ್ರೆಸಾ’ ಯೋಜನೆಯ ಅಧ್ಯಯನವೊಂದರ ಪ್ರಕಾರ, ಕುಟುಂಬಗಳು ಬಂದ ಹಣದಲ್ಲಿ ನೂರಕ್ಕೆ ಸುಮಾರು 74 ಪಾಲನ್ನು ದಿನನಿತ್ಯಕ್ಕೆ ಖರ್ಚುಮಾಡಿ, ಉಳಿದ ಪಾಲನ್ನು ದುಡಿಮೆಗೆ ಹೂಡಿದವು. ಹೊಟ್ಟೆಗೇ ಸಾಲದವರು ಕಾಲುಭಾಗವನ್ನು ನಾಳೆಗೆ ಎತ್ತಿಡಬೇಕಾದರೆ ನಾಳೆಯ ಮೇಲೆ ಅವರಿಗೆ ಎಷ್ಟು ನಂಬಿಕೆ ಇದ್ದಿರಬೇಕು!

ಒಟ್ಟಿಗೆ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೀನ್ಯಾದಲ್ಲಿ ಕೆಲವರಿಗೆ ತಿಂಗಳು ತಿಂಗಳೂ, ಕೆಲವರಿಗೆ ಒಂದೇ ಸಲವೂ ಕೊಟ್ಟು ನೋಡಿದ್ದಾರೆ. ತಿಂಗಳ ಕಂತು ಊಟದ ಭದ್ರತೆ ಹೆಚ್ಚಿಸಿತು. ಇಡುಗಂಟು ತಗಡಿನ ಮಾಡಿನಂಥ ಬಾಳಿಕೆಯ ಆಸ್ತಿಗೆ ಹೋಯಿತು. ಎರಡೂ ಒಳ್ಳೆಯದೇ. ಆದರೆ ಯೋಚಿಸಿ ಕೊಟ್ಟ ಇಡುಗಂಟು ಬೇರೆ, ಬಾಕಿ ಉಳಿಸಿಕೊಂಡು ಕೊಟ್ಟ ಇಡುಗಂಟು ಬೇರೆ.

ಆದ್ದರಿಂದ ಸಚಿವರೇ, ವರ್ಷದ ಕಂತುಗಳ ತಾರೀಖನ್ನು ಮೊದಲೇ ಪ್ರಕಟಿಸಿ. ಇಡೀ ವರ್ಷಕ್ಕೆ ಬೇಕಾದ ಹಣವನ್ನು ಬೇರೆ ಬಾಬ್ತಿಗೆ ತಿರುಗಿಸಲಾಗದಂತೆ ಮೀಸಲಿಡಿ. ತಡವಾಗುವುದು ಅನಿವಾರ್ಯವಾದರೆ ಎಷ್ಟು ದಿನ ಎಂದು ಮುಂಚೆಯೇ ತಿಳಿಸಿ. ಒಂದು ಸಂದೇಶ ಸಿಕ್ಕರೂ ಮೇಕೆ ಮಾರುವುದೋ ಬೇಡವೋ ಎಂದು ಅವಳು ತೀರ್ಮಾನಿಸಬಲ್ಲಳು. ದಾಖಲೆಯಲ್ಲಿ ದೋಷವಿದ್ದರೆ ಹಣ ನಿಲ್ಲಿಸುವ ಮೊದಲು ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡಿ. ಇಲಾಖೆಯ ತಪ್ಪಿನಿಂದ ತಡವಾದ ಕಂತಿಗೆ ಬಡ್ಡಿ ಸೇರಿಸಿ ಕೊಡುವ ನಿಯಮ ತನ್ನಿ. ತೆರಿಗೆ ಕಟ್ಟಲು ತಡಮಾಡಿದ ನಾಗರಿಕರಿಂದ ಸರ್ಕಾರ ಬಡ್ಡಿ ವಸೂಲಿ ಮಾಡುತ್ತದೆ. ಇಲ್ಲೂ ಅದೇ ನ್ಯಾಯ ಇರಲಿ.

ಇತಿ,
ನಿಮ್ಮ ಉತ್ತರದ ನಿರೀಕ್ಷೆಯಲ್ಲಿರುವ
ಒಬ್ಬ ಮತದಾರ